ಎರಡನೇ ಸಲ ಬರುವ ಗಿರಾಕಿ

ಇನ್‌ಸ್ಟಾಗ್ರಾಂನಲ್ಲಿ ವ್ಯಾಪಾರದ ಖಾತೆ ತೆರೆದು ಒಂದು ಉಪ್ಪಿನಕಾಯಿ ಬಾಟಲಿಯ ಫೋಟೋ ಹಾಕಿ ನೋಡಿ. ಫೋಟೋದ ಕೆಳಗೆ ಕೂಡಲೇ ಒಂದು ಗುಂಡಿ ಬಂದು ಕೂರುತ್ತದೆ, ‘ಬೂಸ್ಟ್’ ಅಂತ. ಒತ್ತಿದರೆ ಸಾಕು, ದಿನಕ್ಕೆ ಇಷ್ಟು ರೂಪಾಯಿ ಕೊಡಿ, ಇಷ್ಟು ಸಾವಿರ ಜನರಿಗೆ ತೋರಿಸುತ್ತೇವೆ ಎಂಬ ಅಂದಾಜು ಕಣ್ಣಮುಂದೆ ಬರುತ್ತದೆ. ಮನೆಯಲ್ಲೇ ಕೂತು ವ್ಯಾಪಾರ ಶುರುಮಾಡಿದ ಎಷ್ಟೋ ಜನರು ಪ್ರಚಾರಕ್ಕೆಂದು ತೆಗೆದಿಟ್ಟ ಮೊದಲ ಸಾವಿರ ರೂಪಾಯಿ ಹೋಗುವುದು ಈ ಗುಂಡಿಯ ಮೂಲಕವೇ. ಹೋದ ಸಾವಿರದಿಂದ ಏನು ಬಂತು ಅಂತ ಕೇಳಿದರೆ, ‘ಲೈಕು ಬಹಳ ಬಂದವು’ ಅನ್ನುತ್ತಾರೆ. ಲೈಕು ಕೊಟ್ಟರೆ ಅಂಗಡಿಯವನು ಸಾಸಿವೆ ಅಳೆಯುವುದಿಲ್ಲವಲ್ಲ!

ಇವತ್ತಿನ ಮಾತು ಇಂಥ ಸಣ್ಣ ಆನ್‌ಲೈನ್ ವ್ಯಾಪಾರಗಳ ಪ್ರಚಾರದ ಬಗ್ಗೆ. ತಿಂಗಳಿಗೆ ಸಾವಿರ, ಎರಡು ಸಾವಿರಕ್ಕಿಂತ ಹೆಚ್ಚು ತೆಗೆದಿಡಲು ಆಗದವರಿಗೆ ಈ ಮಾತು. ಇಳಕಲ್ ಸೀರೆ ಮಾರುವವರಿಗೂ, ಚನ್ನಪಟ್ಟಣದ ಗೊಂಬೆ ಮಾರುವವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ. ಆದರೆ ಎಲ್ಲವನ್ನೂ ಒಟ್ಟಿಗೆ ಹಿಡಿಯಹೋದರೆ ಮಾತು ತೇಲಿಹೋಗುತ್ತದೆ. ಅದಕ್ಕೇ ಶಿರಸಿ, ಸಿದ್ದಾಪುರ, ಸಾಗರ ಸೀಮೆಯ ಅಪ್ಪೆಮಿಡಿ ಎಂಬ ಪರಿಮಳದ ಮಾವಿನಮಿಡಿಯ ಉಪ್ಪಿನಕಾಯಿಯನ್ನೇ ಹಿಡಿದುಕೊಂಡು ಹೇಳುತ್ತೇನೆ. ಮನೆಯುದ್ದಿಮೆ ಮಾಡುವವರ ಖರ್ಚುವೆಚ್ಚದ ಪುಸ್ತಕ ನೋಡುವುದು ನನ್ನ ಕೆಲಸವಾದ್ದರಿಂದ ಮೊದಲು ಲೆಕ್ಕದಿಂದಲೇ ಶುರುಮಾಡುವುದು ನನಗೆ ಅಭ್ಯಾಸ.

ಅರ್ಧ ಕಿಲೋ ಮಿಡಿ ಉಪ್ಪಿನಕಾಯಿಯ ಬಾಟಲಿಗೆ ಅಂಚೆಖರ್ಚೂ ಸೇರಿ 400 ರೂಪಾಯಿ ಬೆಲೆ ಇಟ್ಟಿದ್ದೀರಿ ಅಂದುಕೊಳ್ಳಿ. ಮಿಡಿ, ಉಪ್ಪು, ಸಾಸಿವೆ, ಮೆಣಸು, ಕೆಲಸದವರ ಕೂಲಿ, ನಿಮ್ಮ ಕೂಲಿಯನ್ನೂ ಬಿಡಬೇಡಿ, ಎಲ್ಲ ಕೂಡಿ 190. ಬಾಟಲಿ, ಸೀಲು, ರಟ್ಟಿನ ಪೆಟ್ಟಿಗೆ, ಗುಳ್ಳೆ ಪ್ಲಾಸ್ಟಿಕ್ಕು 40. ಕೊರಿಯರಿನವನಿಗೆ 100. ಉಳಿಯುವುದು 70 ರೂಪಾಯಿ. ಈಗ ಆ ಗುಂಡಿ ಒತ್ತೋಣ. ದಿನಕ್ಕೆ 200ರಂತೆ ಐದು ದಿನ, ಸಾವಿರ ರೂಪಾಯಿ. ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ ಬೀಳುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ಒಟ್ಟು 1,180. ಅದರಿಂದ ನಾಲ್ಕು ಆರ್ಡರು ಬಂತು ಅನ್ನಿ. ಒಂದೊಂದು ಆರ್ಡರು ತರಲು 295 ರೂಪಾಯಿ ಬಿತ್ತು. ಬಾಟಲಿಗೆ 70 ಉಳಿಯುವಲ್ಲಿ 295 ಕೊಟ್ಟು ಗಿರಾಕಿಯನ್ನು ಕರೆದರೆ, ಪ್ರತಿ ಬಾಟಲಿಯ ಜೊತೆ 225 ರೂಪಾಯಿಯನ್ನು ಅರಿಶಿನ ಕುಂಕುಮದ ಹಾಗೆ ಇಟ್ಟು ಕಳಿಸಿದಂತಾಯಿತು.

ಹಾಗಾದರೆ ಜಾಹೀರಾತೇ ದಂಡವೇ? ಅವಸರದಲ್ಲಿ ತೀರ್ಮಾನ ಮಾಡುವುದು ಬೇಡ. 1,180ನ್ನು 70ರಿಂದ ಭಾಗಿಸಿ. ಹದಿನೇಳು ಬಾಟಲಿ ಹೋದರೆ ಹಾಕಿದ ಹಣ ಹುಟ್ಟುತ್ತದೆ. ಅಂದರೆ ಬಂದ ಆ ನಾಲ್ಕು ಜನ ಮುಂದೆ ತಲಾ ಮೂರು, ನಾಲ್ಕು ಸಲ ಮತ್ತೆ ತರಿಸಿದರೆ ಸರಿಹೋಯಿತು. ಮತ್ತೆ ತರಿಸುವಾಗ ನಿಮಗೆ ಜಾಹೀರಾತಿನ ಖರ್ಚಿಲ್ಲ. ಹೀಗಾಗಿ ಸಣ್ಣ ವ್ಯಾಪಾರದ ಹುಟ್ಟುವಳಿ ಇರುವುದು ಮೊದಲ ಸಲ ಬಂದವನಲ್ಲಿ ಅಲ್ಲವೇ ಅಲ್ಲ, ಎರಡನೇ ಸಲ ಬರುವವನಲ್ಲಿ. ದೊಡ್ಡ ಕಂಪನಿಗಳು ಮೊದಲ ಸಲದ ನಷ್ಟವನ್ನು ವರ್ಷಗಟ್ಟಲೆ ತಾಳಿಕೊಳ್ಳುತ್ತವೆ, ಅವರ ಹಿಂದೆ ಬೇರೆಯವರ ಬಂಡವಾಳ ಇರುತ್ತದೆ. ನಮ್ಮ ಹಿಂದೆ ಇರುವುದು ಸಹಕಾರಿ ಸಂಘದ ಸಾಲ.

ಇದೇ ಲೆಕ್ಕದಲ್ಲಿ ಇನ್ನೊಂದು ಸಂಗತಿ ಅಡಗಿದೆ. ಒಂದು ಬಾಟಲಿ ಕಳಿಸಲು ಅಂಚೆಗೆ 100 ಆದರೆ ಒಂದೇ ಪೆಟ್ಟಿಗೆಯಲ್ಲಿ ಎರಡು ಕಳಿಸಲು 200 ಆಗುವುದಿಲ್ಲ, 150ರಲ್ಲಿ ಮುಗಿಯಬಹುದು. ಆಗ ಎರಡು ಬಾಟಲಿಗೆ 140ರ ಬದಲು 190 ಉಳಿಯಿತು. ಅದಕ್ಕೇ ‘ಒಂದು ಬಾಟಲಿ ಸಾಕು’ ಎಂದವರಿಗೆ ‘ಜೊತೆಗೆ ಒಂದು ಕಟ್ಟು ಹಲಸಿನ ಹಪ್ಪಳ ಇಡಲೇ? ಅಂಚೆ ಖರ್ಚು ಹೆಚ್ಚಾಗುವುದಿಲ್ಲ’ ಎಂದು ಕೇಳಬೇಕು. ಅಂಗಡಿಯಲ್ಲಿ ಶೆಟ್ಟರು ‘ಇನ್ನೇನು ಬೇಕು?’ ಅಂತ ಕೇಳುವುದಿಲ್ಲವೇ, ಹಾಗೆಯೇ. ಕೇಳುವುದಕ್ಕೆ ಹಣ ಬೇಡ. ಎಷ್ಟೋ ಜನ ಸಂಕೋಚದಿಂದ ಕೇಳುವುದೇ ಇಲ್ಲ.

ಈಗ ಮೊದಲ ಸಲದ ಗಿರಾಕಿ ಎಲ್ಲಿ ಸಿಗುತ್ತಾನೆ ಅನ್ನುವುದಕ್ಕೆ ಬರೋಣ. ಬೂಸ್ಟ್ ಗುಂಡಿ ಒತ್ತಿದಾಗ ಯಾರಿಗೆ ತೋರಿಸಲಿ ಅಂತ ಅದು ಕೇಳುತ್ತದೆ. ನಾವು ‘ಬೆಂಗಳೂರು, ಅಡುಗೆಯಲ್ಲಿ ಆಸಕ್ತಿ ಇರುವವರು’ ಅಂತ ಒತ್ತಿಬಿಡುತ್ತೇವೆ. ಬೆಂಗಳೂರಿನಲ್ಲಿ ಅಡುಗೆಯಲ್ಲಿ ಆಸಕ್ತಿ ಇಲ್ಲದವರು ಯಾರು? ಅಪ್ಪೆಮಿಡಿಯನ್ನು ಒಮ್ಮೆಯೂ ಬಾಯಿಗಿಡದವನಿಗೆ ನಾಲ್ಕು ನೂರು ರೂಪಾಯಿಯ ಬಾಟಲಿ ದುಬಾರಿ ಅನ್ನಿಸುತ್ತದೆ, ಅವನ ಪಕ್ಕದ ಅಂಗಡಿಯಲ್ಲಿ ನೂರಕ್ಕೇ ಮಾವಿನಕಾಯಿ ಉಪ್ಪಿನಕಾಯಿ ಸಿಗುತ್ತದೆ. ಅಪ್ಪೆ ಅಂದರೆ ಏನು, ಆ ಪರಿಮಳ ಎಲ್ಲಿಂದ ಬರುತ್ತದೆ, ಮಿಡಿಗೆ ತೊಟ್ಟು ಯಾಕೆ ಬೇಕು ಅಂತ ಗೊತ್ತಿದ್ದವನು ಬೆಲೆ ಕೇಳುವ ಮೊದಲು ‘ಅನಂತಭಟ್ಟನ ಅಪ್ಪೆಯೋ, ಜೀರಿಗೆ ಮಿಡಿಯೋ?’ ಅಂತ ಕೇಳುತ್ತಾನೆ. ನಿಮ್ಮ ಗಿರಾಕಿ ಅವನು. ಅವನು ಅಘನಾಶಿನಿ, ಶರಾವತಿ, ವರದೆಯ ದಂಡೆಯ ಊರು ಬಿಟ್ಟು ಬೆಂಗಳೂರು, ಪುಣೆ, ಮುಂಬಯಿಯಲ್ಲಿ ಇದ್ದಾನೆ. ಅವನನ್ನು ಹುಡುಕಲು ಇನ್‌ಸ್ಟಾಗ್ರಾಂನ ಯಂತ್ರಕ್ಕಿಂತ ನಿಮ್ಮ ಸೋದರತ್ತೆಯ ಫೋನಿನ ನಂಬರುಗಳು ಮೇಲು. ಊರಿನ ಹೆಸರಿನ ವಾಟ್ಸಾಪ್ ಗುಂಪು, ಓದಿದ ಶಾಲೆಯ ಗುಂಪು, ಸಮುದಾಯದ ಸಂಘ, ಅಪಾರ್ಟ್‌ಮೆಂಟಿನ ಹೆಂಗಸರ ಗುಂಪು, ಇವೆಲ್ಲ ಅವನು ಇರುವ ಜಾಗವೇ. ಅಲ್ಲಿ ನೀವೇ ಹೋಗಿ ದಿನಾ ಚಿತ್ರ ಹಾಕಿದರೆ ಹೊರಗೆ ಹಾಕುತ್ತಾರೆ. ಅಲ್ಲಿ ಈಗಾಗಲೇ ಇರುವವರೊಬ್ಬರು ‘ನಾನು ತರಿಸಿದ್ದೆ, ಚೆನ್ನಾಗಿದೆ’ ಅಂತ ಒಮ್ಮೆ ಹೇಳಿದರೆ ಬೇಕಾದಷ್ಟಾಯಿತು.

ಅಪಾರ್ಟ್‌ಮೆಂಟಿನ ವಿಷಯ ಬಂತಲ್ಲ, ಅದನ್ನೊಂದಿಷ್ಟು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಖರ್ಚಿಲ್ಲದೆ ನಡೆಯುವುದನ್ನು ನಾನು ನೋಡಿದ್ದೇನೆ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಿಮಗೆ ಒಬ್ಬ ಗಿರಾಕಿ ಇದ್ದಾರೆ. ಅವರಿಗೆ ಹೇಳಿ: ಅಕ್ಕಾ, ನಿಮ್ಮಲ್ಲಿ ಹತ್ತು ಬಾಟಲಿಗೆ ಜನ ಸೇರಿದರೆ ಹನ್ನೊಂದನೆಯದು ನಿಮಗೆ ನನ್ನ ಕಡೆಯಿಂದ. ಹತ್ತು ಬೇರೆ ಬೇರೆ ಪಾರ್ಸೆಲ್ ಮಾಡಿದರೆ ಸಾವಿರ ರೂಪಾಯಿ ಕೊರಿಯರು. ಹನ್ನೊಂದನ್ನೂ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿ ರಾತ್ರಿ ಬಸ್ಸಿಗೆ ಹಾಕಿದರೆ ಅದಕ್ಕಿಂತ ಬಹಳ ಕಡಿಮೆಗೆ ಬೆಳಿಗ್ಗೆ ಅಲ್ಲಿ ಇರುತ್ತದೆ. ಕೆಎಸ್‌ಆರ್‌ಟಿಸಿಯವರು 2021ರಲ್ಲಿ ‘ನಮ್ಮ ಕಾರ್ಗೋ’ ಅಂತ ಪಾರ್ಸೆಲ್ ಸೇವೆಯನ್ನೇ ಶುರುಮಾಡಿದ್ದಾರೆ. ಉಳಿದ ಅಂಚೆಯ ಹಣದಲ್ಲಿ ಆ ಹನ್ನೊಂದನೇ ಬಾಟಲಿಯ ಖರ್ಚು ಕಳೆದೂ ಇನ್ನೂ ಮಿಗುತ್ತದೆ. ಬಾಟಲಿಗೆ ಮೂವತ್ತು ರೂಪಾಯಿ ಇಳಿಸಿಯೂ ಕೊಡಬಹುದು. ಇದಕ್ಕಿಂತ ಮುಖ್ಯವಾದದ್ದು, ಆ ಅಕ್ಕ ತನ್ನ ಮನೆ ಬಾಗಿಲಲ್ಲಿ ಹತ್ತು ಜನರಿಗೆ ಬಾಟಲಿ ಕೊಡುವಾಗ ನಾಲ್ಕು ಮಾತೂ ಕೊಡುತ್ತಾಳೆ: ಮಿಡಿ ಹೇಗೆ ತಿನ್ನಬೇಕು, ಮೊಸರನ್ನಕ್ಕೆ ಎಷ್ಟು ಚೆನ್ನ, ಅಪ್ಪೆಹುಳಿಯನ್ನು ಹೇಗೆ ಮಾಡುವುದು. ಇಂಥ ಪ್ರಚಾರವನ್ನು ಯಾವ ಕಂಪನಿಯೂ ಮಾರುವುದಿಲ್ಲ.

ಫೋಟೋ, ವಿಡಿಯೋದ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಬಿಳಿ ಹಿನ್ನೆಲೆಯಲ್ಲಿ ಬಾಟಲಿ ನಿಲ್ಲಿಸಿ, ಪಕ್ಕಕ್ಕೆ ಎರಡು ಒಣಮೆಣಸು ಇಟ್ಟು ತೆಗೆದ ಚಿತ್ರ ಯಾರದೂ ಆಗಬಹುದು. ನಿಮ್ಮಲ್ಲಿ ಮಾತ್ರ ಇರುವುದನ್ನು ತೋರಿಸಿ. ಮಿಡಿಯನ್ನು ನೆಲಕ್ಕೆ ಬೀಳಿಸದೆ, ತೊಟ್ಟು ಮುರಿಯದೆ ಮರದಿಂದ ಬುಟ್ಟಿಯಲ್ಲಿ ಇಳಿಸುತ್ತಾರಲ್ಲ, ಅದು ಪೇಟೆಯವರು ಕಂಡಿರದ ನೋಟ. ತೊಟ್ಟು ಮುರಿದ ಕಡೆ ಸೊನೆ ಒಸರುವುದನ್ನು ಹತ್ತಿರದಿಂದ ತೆಗೆದರೆ ಊರಿನಿಂದ ದೂರವಿರುವವನ ಮೂಗಿಗೆ ವಾಸನೆ ಬಂದಂತಾಗುತ್ತದೆ. ಉಪ್ಪಿನಲ್ಲಿ ಹಾಕಿಟ್ಟ ಮಿಡಿ ದಿನ ಕಳೆದಂತೆ ಚಿರುಟುವುದು, ಸಾಸಿವೆ ಮೆಣಸು ರುಬ್ಬಿದ ಹಿಟ್ಟು ಕಲೆಸುವಾಗ ಬಣ್ಣ ತಿರುಗುವುದು, ಭರಣಿಯ ಬಾಯಿಗೆ ಬಟ್ಟೆ ಕಟ್ಟುವುದು, ಇವೆಲ್ಲ ಇಪ್ಪತ್ತು ಸೆಕೆಂಡಿನ ತುಣುಕುಗಳು. ಟಿಕ್‌ಟಾಕ್ ಅನ್ನು 2020ರ ಜೂನ್ ಕೊನೆಗೆ ಸರ್ಕಾರ ನಿಷೇಧಿಸಿದ ಕೆಲವೇ ದಿನಗಳಲ್ಲಿ, ಜುಲೈನಲ್ಲಿ, ಇನ್‌ಸ್ಟಾಗ್ರಾಂನ ರೀಲ್ಸ್ ನಮ್ಮಲ್ಲಿಗೆ ಬಂತು. ನಿಮ್ಮನ್ನು ಹಿಂಬಾಲಿಸದವರಿಗೂ ಅದು ಪುಕ್ಕಟೆಯಾಗಿ ತೋರಿಸುತ್ತದೆ. ಹಣ ಕೊಟ್ಟು ತೋರಿಸುವುದಕ್ಕಿಂತ ಮೊದಲು ಪುಕ್ಕಟೆ ಸಿಗುವುದನ್ನು ಹಿಂಡಿಕೊಳ್ಳಬೇಡವೇ?

ಬೆಳಕಿಗೆ ಹಣ ಕೊಡಬೇಡಿ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಜಗಲಿಯಲ್ಲಿ ಒಂದು ಪಕ್ಕದಿಂದ ಬರುವ ಬೆಳಕು ಸಾಕು, ಮೇಲೆ ಬಲ್ಬು ಉರಿಯುತ್ತಿದ್ದರೆ ಆರಿಸಿ. ಹಿನ್ನೆಲೆಗೆ ಸಿನಿಮಾ ಹಾಡು ಬೇಡ. ನಿಮ್ಮ ಮನೆಯ ಮಾತಿನಲ್ಲೇ, ಯಾವ ಸೀಮೆಯ ಕನ್ನಡವೋ ಅದರಲ್ಲೇ, ನೀವು ಮಾಡುತ್ತಿರುವುದನ್ನು ಹೇಳಿ. ‘ನಮಸ್ಕಾರ ಸ್ನೇಹಿತರೇ, ಇವತ್ತಿನ ವಿಡಿಯೋದಲ್ಲಿ’ ಅಂತ ಶುರುಮಾಡುವ ಪಾಠ ಎಲ್ಲಿಂದ ಬಂತೋ ಕಾಣೆ, ಕೇಳಿ ಕೇಳಿ ಸಾಕಾಗಿದೆ. ಕೆಳಗೆ ಬರೆಯುವ ಸಾಲಿನಲ್ಲಿ ಮಾತ್ರ ಎಚ್ಚರ ಇರಲಿ. ಪೇಟೆಯಲ್ಲಿರುವ ಮಕ್ಕಳು ಹುಡುಕುವುದು ಇಂಗ್ಲಿಷ್ ಅಕ್ಷರದಲ್ಲಿ. ಹಲಸಿನ ಹಪ್ಪಳವನ್ನು ಅವರು ‘ಜಾಕ್‌ಫ್ರೂಟ್ ಪಾಪಡ್’ ಅಂತ ಟೈಪಿಸಿ ಹುಡುಕುತ್ತಾರೆ. ಕನ್ನಡದ ಹೆಸರು, ಅದೇ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಇಂಗ್ಲಿಷಿನ ಹೆಸರು, ಊರಿನ ಹೆಸರು, ನಾಲ್ಕೂ ಇರಲಿ.

ಇನ್ನು ಪಾರ್ಸೆಲ್. ಪ್ರಚಾರದ ಮಾತಾಡುವಾಗ ರಟ್ಟಿನ ಪೆಟ್ಟಿಗೆಯ ವಿಷಯ ಯಾಕೆ ಅನ್ನಬಹುದು. ನನ್ನ ಪ್ರಕಾರ ಇಡೀ ವ್ಯವಹಾರದಲ್ಲಿ ಗಿರಾಕಿ ನಿಮ್ಮನ್ನು ಕೈಯಲ್ಲಿ ಮುಟ್ಟಿ ನೋಡುವುದು ಅದೊಂದೇ ಗಳಿಗೆಯಲ್ಲಿ. ಪೆಟ್ಟಿಗೆ ಬಂದಾಗ ಮೂಲೆಯಲ್ಲಿ ಖಾರದ ನೀರು ಒಸರಿ ರಟ್ಟು ಕೆಂಪಾಗಿದ್ದರೆ, ನಿಮ್ಮ ಎಲ್ಲ ರೀಲ್ಸೂ ನೀರಲ್ಲಿ ಹೋದವು. ಬಾಟಲಿಯನ್ನು ಕುತ್ತಿಗೆವರೆಗೆ ತುಂಬಬೇಡಿ, ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ. ಮುಚ್ಚಳದ ಒಳಗೆ ಸೀಲು, ಹೊರಗೆ ಸುತ್ತಲೂ ಟೇಪು, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಚೀಲ, ಆಮೇಲೆ ಗುಳ್ಳೆ ಪ್ಲಾಸ್ಟಿಕ್ಕು. ಕಟ್ಟಿದ ಮೇಲೆ ಬಾಟಲಿಯನ್ನು ತಲೆಕೆಳಗು ಮಾಡಿ ಒಂದು ರಾತ್ರಿ ಹಳೇ ಪೇಪರಿನ ಮೇಲೆ ಇಡಿ. ಬೆಳಿಗ್ಗೆ ಪೇಪರಿನಲ್ಲಿ ಕಲೆ ಇಲ್ಲದಿದ್ದರೆ ಕಳಿಸಿ. ಪೆಟ್ಟಿಗೆಯನ್ನು ಅಲ್ಲಾಡಿಸಿದರೆ ಸದ್ದು ಬರಬಾರದು.

ಪೆಟ್ಟಿಗೆಯೊಳಗೆ ಒಂದು ಚೀಟಿ ಇಡಿ. ಬಣ್ಣದ ಮುದ್ರಣ ಬೇಡ, ಕೈಬರಹ ಸಾಕು. ಯಾವ ಮರದ ಮಿಡಿ, ಯಾವ ತಿಂಗಳು ಹಾಕಿದ್ದು, ಒದ್ದೆ ಚಮಚ ಹಾಕಬೇಡಿ, ಇಷ್ಟು. ಕೊನೆಗೆ, ‘ಈ ನಂಬರನ್ನು ನಿಮ್ಮ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ಹೊಸ ಮಿಡಿ ಬಂದಾಗ ತಿಳಿಸುತ್ತೇನೆ’ ಎಂಬ ಸಾಲು. ಈ ಸಾಲು ಬರಿಯ ಉಪಚಾರಕ್ಕಲ್ಲ. ವಾಟ್ಸಾಪಿನಲ್ಲಿ ಬ್ರಾಡ್‌ಕಾಸ್ಟ್ ಅಂತ ಒಂದು ಸೌಲಭ್ಯ ಇದೆ. ಒಂದು ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು, ನೀವು ಒಮ್ಮೆ ಬರೆದರೆ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ, ಅವರೊಬ್ಬರಿಗೇ ಬರೆದಂತೆ ಹೋಗುತ್ತದೆ. ಗುಂಪಿನ ಹಾಗೆ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಸೇವ್ ಮಾಡಿಲ್ಲದವರಿಗೆ ನೀವು ಎಷ್ಟು ಬರೆದರೂ ಗಾಳಿಗೆ ಹೇಳಿದ ಹಾಗೆ. ‘ಮೆಸೇಜು ಹಾಕಿದೆ, ಯಾರೂ ಉತ್ತರಿಸಲಿಲ್ಲ’ ಎಂದು ಬೇಸರಪಡುವ ಅನೇಕರ ತೊಂದರೆ ಇಲ್ಲಿದೆ.

ಮಾಮೂಲು ವಾಟ್ಸಾಪಿನ ಬದಲು ವಾಟ್ಸಾಪ್ ಬಿಸಿನೆಸ್ ಇಟ್ಟುಕೊಳ್ಳಿ. 2018ರಲ್ಲಿ ಬಂದದ್ದು, ಸಣ್ಣ ವ್ಯಾಪಾರದವರಿಗೆ ಪುಕ್ಕಟೆ. ಸಾಮಾನುಗಳ ಪಟ್ಟಿಯನ್ನು ಚಿತ್ರ, ಬೆಲೆ ಸಹಿತ ಅದರಲ್ಲೇ ಇಡಬಹುದು, ವೆಬ್‌ಸೈಟಿಗೆಂದು ಖರ್ಚು ಮಾಡುವ ಅಗತ್ಯ ಮೊದಲ ಒಂದೆರಡು ವರ್ಷ ಬರುವುದಿಲ್ಲ. ಮಾತುಕತೆಗಳಿಗೆ ಬಣ್ಣದ ಗುರುತು ಹಚ್ಚುವ ಸೌಕರ್ಯ ಇದೆ. ಇದನ್ನು ಜನ ಬಳಸುವುದು ಕಡಿಮೆ. ‘ಹಣ ಬರಬೇಕು’, ‘ಕಳಿಸಿ ಆಯಿತು’ ಎಂಬ ಗುರುತುಗಳ ಜೊತೆ ನಾನು ಇನ್ನೆರಡನ್ನು ಹಾಕಿಸುತ್ತೇನೆ: ‘ಖಾರ ಕಮ್ಮಿ ಬೇಕಂದವರು’, ‘ಎರಡು ಸಲ ತರಿಸಿದವರು’. ಕಳೆದ ಸಲ ‘ಆಂಟಿ, ಮಕ್ಕಳಿಗೆ ಖಾರ ಜಾಸ್ತಿಯಾಯ್ತು’ ಅಂದವರಿಗೆ ಈ ಸಲ ‘ಖಾರ ಇಳಿಸಿ ಒಂದು ಭರಣಿ ಬೇರೆ ಹಾಕಿದ್ದೇನೆ’ ಅಂತ ಬರೆದು ನೋಡಿ. ಹತ್ತು ಪರ್ಸೆಂಟು ರಿಯಾಯಿತಿಗೆ ಬಾರದ ಉತ್ತರ ಇದಕ್ಕೆ ಬರುತ್ತದೆ. ತಿಂಗಳಿಗೆ ಎರಡು ಮೆಸೇಜು ಮೀರಬೇಡಿ. ಶುಭೋದಯದ ಹೂವು, ಏಕಾದಶಿಯ ಶುಭಾಶಯ ಕಳಿಸುತ್ತಾ ಹೋದರೆ ಜನ ನಿಮ್ಮನ್ನು ಬ್ಲಾಕ್ ಮಾಡುತ್ತಾರೆ. ಹಾಗೆ ಬ್ಲಾಕ್ ಮಾಡಿದವರು, ದೂರು ಕೊಟ್ಟವರು ಹೆಚ್ಚಾದರೆ ಖಾತೆಯೇ ಮುಚ್ಚಿಹೋಗುವುದೂ ಉಂಟು. ಬೇಡ ಅಂದವರ ಹೆಸರನ್ನು ಆ ಕ್ಷಣವೇ ಪಟ್ಟಿಯಿಂದ ತೆಗೆಯಿರಿ.

ಗೂಗಲ್ ನಕ್ಷೆಯಲ್ಲಿ ನಿಮ್ಮ ಹೆಸರು ಪುಕ್ಕಟೆಯಾಗಿ ಹಾಕಿಸಬಹುದು, ಆದರೆ ಗಿರಾಕಿಗಳು ಖುದ್ದಾಗಿ ಬರುವ ಜಾಗ ಇದ್ದರೆ ಅಥವಾ ನೀವೇ ಅವರಲ್ಲಿಗೆ ಹೋಗಿ ಕೊಡುವುದಿದ್ದರೆ ಮಾತ್ರ. ಕೊರಿಯರಿನಲ್ಲೇ ಮುಗಿಯುವ ವ್ಯಾಪಾರಕ್ಕೆ ಅವರ ನಿಯಮ ಒಪ್ಪುವುದಿಲ್ಲ. ಜೋಗಕ್ಕೋ ಬನವಾಸಿಗೋ ಹೋಗುವ ದಾರಿಯಲ್ಲಿ ನಿಮ್ಮ ಮನೆ ಇದ್ದು, ಬಂದವರಿಗೆ ಬಾಟಲಿ ಕೊಡುತ್ತೀರಾದರೆ ತಪ್ಪದೆ ಹಾಕಿಸಿ.

ಈಗ ಹಣ ಕೊಟ್ಟು ಹೊಗಳಿಸಿಕೊಳ್ಳುವವರ ವಿಷಯ. ಲಕ್ಷಗಟ್ಟಲೆ ಹಿಂಬಾಲಕರಿರುವ ಅಡುಗೆ ವಿಡಿಯೋದವರು ಒಂದು ರೀಲ್ಸಿಗೆ ಕೇಳುವ ಹಣ ನಮ್ಮ ವರ್ಷದ ಲಾಭ ಆಗಬಹುದು. ಅವರನ್ನು ಬಿಟ್ಟುಬಿಡಿ. ಐದು ಸಾವಿರ ಜನ ನೋಡುವ, ಆದರೆ ಆ ಐದು ಸಾವಿರವೂ ಮಲೆನಾಡಿನವರೇ ಆಗಿರುವ ಒಂದು ಪುಟ ಸಿಕ್ಕರೆ ಅವರಿಗೆ ಒಂದು ಬಾಟಲಿ ಕಳಿಸಿ, ‘ರುಚಿ ನೋಡಿ, ಇಷ್ಟವಾದರೆ ಮಾತ್ರ ಹೇಳಿ’ ಎನ್ನಿ. ಪುಕ್ಕಟೆ ಸಿಕ್ಕಿದ ಸಾಮಾನಿನ ಬಗ್ಗೆ ಹೇಳುವಾಗಲೂ ಅದು ಪ್ರಚಾರ ಎಂದು ತಿಳಿಸಬೇಕು. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಇದನ್ನು ಸ್ಪಷ್ಟ ಮಾಡಿವೆ. ಹಿಂಬಾಲಕರನ್ನು ಸಾವಿರದ ಲೆಕ್ಕದಲ್ಲಿ ಮಾರುವವರೂ ಇದ್ದಾರೆ. ಹಾಗೆ ಕೊಂಡ ಹಿಂಬಾಲಕರು ಉಪ್ಪಿನಕಾಯಿ ತಿನ್ನುವುದಿಲ್ಲ, ಅವರಲ್ಲಿ ಬಹಳಷ್ಟು ಮನುಷ್ಯರೇ ಅಲ್ಲ. ಮನೆಯವರಿಂದಲೇ ಗಿರಾಕಿಯ ಹೆಸರಿನಲ್ಲಿ ಮೆಚ್ಚುಗೆ ಬರೆಸುವ ಚಾಳಿಯೂ ಬೇಡ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವನು ಕೊಳ್ಳುವವನಂತೆ ನಟಿಸಿ ವಿಮರ್ಶೆ ಬರೆಯುವುದು ತಪ್ಪು. ಅದಕ್ಕಿಂತ, ಬಂದ ಗಿರಾಕಿಯ ಧ್ವನಿಸಂದೇಶವನ್ನು ಅವರ ಒಪ್ಪಿಗೆ ಕೇಳಿ ಹಾಕಿ. ಮೊಸರನ್ನ ಬಾಯಲ್ಲಿಟ್ಟುಕೊಂಡೇ ಮಾತಾಡಿದ್ದರಂತೂ ಇನ್ನೂ ಒಳ್ಳೆಯದು.

ಕಾನೂನಿನ ನಾಲ್ಕು ಮಾತು ಹೇಳಿ ಮುಂದೆ ಹೋಗುತ್ತೇನೆ. ತಿನ್ನುವ ಪದಾರ್ಥವಾದ್ದರಿಂದ ಮನೆಯಲ್ಲೇ ಮಾಡಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು, ಅದರ ಹದಿನಾಲ್ಕು ಅಂಕಿಯ ಸಂಖ್ಯೆ ಲೇಬಲ್ಲಿನ ಮೇಲೆ ಇರಬೇಕು. ಸಣ್ಣವರಿಗೆ ಅದರ ಶುಲ್ಕ ಒಂದು ಬೂಸ್ಟಿನ ಖರ್ಚಿಗಿಂತ ಬಹಳ ಕಡಿಮೆ. ತೂಕ, ಬೆಲೆ, ತಯಾರಿಸಿದ ತಿಂಗಳು, ನಿಮ್ಮ ವಿಳಾಸ ಲೇಬಲ್ಲಿನಲ್ಲಿ ಇರಲಿ. ಜಿಎಸ್‌ಟಿಯಲ್ಲಿ ಸಾಮಾನು ಮಾರುವವರಿಗೆ ನಮ್ಮ ರಾಜ್ಯದಲ್ಲಿ 40 ಲಕ್ಷದವರೆಗೆ ನೋಂದಣಿ ಬೇಡ ಎನ್ನುವುದನ್ನು ಎಲ್ಲರೂ ಕೇಳಿರುತ್ತಾರೆ. ಆದರೆ ತೆರಿಗೆ ಇರುವ ಸಾಮಾನನ್ನು ಹೊರರಾಜ್ಯಕ್ಕೆ ಕಳಿಸಿ ಮಾರುವುದಾದರೆ ಆ ಮಿತಿ ಸಿಗುವುದಿಲ್ಲ. ಪುಣೆಯ ಗಿರಾಕಿಗೆ ಕೈ ಹಾಕುವ ಮೊದಲು ಲೆಕ್ಕಿಗರ ಹತ್ತಿರ ಒಮ್ಮೆ ಕೂತುಬನ್ನಿ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ ನಿಜ, ಆದರೆ ಆ ಮುದ್ರೆಯನ್ನು ಬಾಟಲಿಯ ಮೇಲೆ ಅಚ್ಚು ಹಾಕಬೇಕಾದರೆ ನೀವು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಅಮೆರಿಕದಲ್ಲಿರುವ ಮಕ್ಕಳಿಂದ ಬೇಡಿಕೆ ಬರುತ್ತದೆ ಎಂದು ಹಿಗ್ಗುವವರಿಗೆ ಒಂದು ಮಾತು: 800 ಡಾಲರಿನೊಳಗಿನ ಪಾರ್ಸೆಲ್ಲಿಗೆ ಅಲ್ಲಿ ಇದ್ದ ಸುಂಕದ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಮುಗಿಯಿತು. ಸದ್ಯಕ್ಕೆ ರಜೆಗೆ ಬಂದವರ ಸೂಟ್‌ಕೇಸನ್ನೇ ನೆಚ್ಚಿಕೊಳ್ಳುವುದು ವಾಸಿ.

ಹಣ ಪಡೆಯುವ ವಿಷಯದಲ್ಲಿ ನನ್ನದು ಸ್ವಲ್ಪ ಬಿಗಿ ನಿಲುವು. ಸಾಮಾನು ತಲುಪಿದ ಮೇಲೆ ಹಣ ಕೊಡುತ್ತೇನೆ ಎನ್ನುವ ಪದ್ಧತಿ ಹೊಸದಲ್ಲ. ನಮ್ಮ ಅಂಚೆಯಲ್ಲಿ ವಿ.ಪಿ.ಪಿ. 1877ರಲ್ಲೇ ಶುರುವಾಯಿತು, ಪುಸ್ತಕ, ಔಷಧಿ, ಗಡಿಯಾರ ಎಲ್ಲ ಅದರಲ್ಲೇ ಬರುತ್ತಿದ್ದವು. ತರಿಸಿಕೊಂಡವರು ಪೋಸ್ಟ್‌ಮ್ಯಾನ್ ಬಂದಾಗ ‘ಬೇಡ’ ಎಂದು ವಾಪಸು ಕಳಿಸುವ ಕಾಟವೂ ಅಷ್ಟೇ ಹಳೆಯದು. ನಾಲ್ಕು ನೂರು ರೂಪಾಯಿಯ ಬಾಟಲಿ ಹೀಗೆ ತಿರುಗಿ ಬಂದರೆ ಹೋಗುವ, ಬರುವ ಎರಡೂ ಖರ್ಚು ನಿಮ್ಮ ತಲೆಗೆ, ಎರಡು ಮೂರು ಬಾಟಲಿಯ ಲಾಭ ಅಲ್ಲಿಗೇ ಮುಗಿಯಿತು. ಯುಪಿಐ ಬಂದ ಮೇಲೆ ಮುಂಗಡ ಕೇಳಲು ನಾಚಿಕೆ ಏನೂ ಬೇಡ. ಅಪರಿಚಿತರಿಗೆ ಹೆದರಿಕೆ ಇರುವುದು ಸಹಜ. ಅಂಥವರಿಗೆ ನೂರು ಗ್ರಾಂನ ಸಣ್ಣ ಡಬ್ಬಿ ಇಟ್ಟುಕೊಳ್ಳಿ. ಅದಕ್ಕೆ ಮುಂಗಡ ಕೊಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ.

ಹಾಗಾದರೆ ಬೂಸ್ಟ್ ಯಾವಾಗ? ನಿಮ್ಮ ಪುಸ್ತಕದಲ್ಲಿ ಒಂದು ವರ್ಷದ ಗಿರಾಕಿಗಳ ಹೆಸರು ಬರೆದು, ಎರಡನೇ ಸಲ ತರಿಸಿದವರ ಎದುರು ಒಂದು ಗೆರೆ ಹಾಕಿ. ಹತ್ತರಲ್ಲಿ ಒಬ್ಬರೋ ಇಬ್ಬರೋ ಮಾತ್ರ ಮತ್ತೆ ಬಂದಿದ್ದರೆ ಜಾಹೀರಾತಿಗೆ ಒಂದು ಪೈಸೆಯೂ ಬೇಡ, ತೊಂದರೆ ರುಚಿಯಲ್ಲೋ ಪೆಟ್ಟಿಗೆಯಲ್ಲೋ ಬೆಲೆಯಲ್ಲೋ ಇದೆ. ಹತ್ತರಲ್ಲಿ ಐದು ಜನ ಬಂದಿದ್ದಾರೆ, ಸಲಕ್ಕೆ ಎರಡೆರಡು ಬಾಟಲಿ ಒಯ್ಯುತ್ತಾರೆ ಅಂದರೆ ಆಗ ಧೈರ್ಯವಾಗಿ ಸಾವಿರ ಹಾಕಿ. ಹಾಕುವಾಗಲೂ ಪುಕ್ಕಟೆಯಾಗಿ ಓಡಿದ ರೀಲ್ಸಿಗೇ ಹಾಕಿ, ಓಡದೆ ಕೂತದ್ದನ್ನು ತಳ್ಳಬೇಡಿ. ಒತ್ತಿದರೆ ನೇರವಾಗಿ ವಾಟ್ಸಾಪ್ ತೆರೆಯುವ ಬಗೆಯ ಜಾಹೀರಾತನ್ನು ಆರಿಸಿ, ಲೈಕಿನದಲ್ಲ. ಬಂದವರನ್ನೆಲ್ಲ ‘ಎಲ್ಲಿ ನೋಡಿದಿರಿ?’ ಎಂದು ಕೇಳಿ ಬರೆದಿಡಿ.

ಇಷ್ಟು ಹೊತ್ತು ಹೇಳಿದ್ದರಲ್ಲಿ ಹೊಸದೇನೂ ಇಲ್ಲ ಎಂದು ನನಗೆ ಗೊತ್ತು. ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ್ದು ಕನ್ನಡಿಗರಿಗೆಲ್ಲ ತಿಳಿದದ್ದೇ. ಕೊಳ್ಳುವವರ ಮುಖ ನೋಡಿ ಮಾರಿದವರು ಅವರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರುಮಾಡಿದಾಗ ಓದುಗರನ್ನೇ ಚಂದಾದಾರರನ್ನಾಗಿ ಮಾಡಿಕೊಂಡರು. ಮಾಲೆಯ ಪುಸ್ತಕಗಳು ಅಚ್ಚಾದ ಹಾಗೆ ಅವರ ಮನೆಗೆ ಹೋಗುತ್ತಿದ್ದವು. ಪುಸ್ತಕ ಹೊರಬರುವ ಮೊದಲೇ ಅದನ್ನು ಓದುವವರು ಯಾರು ಎಂದು ಪ್ರಕಾಶಕರಿಗೆ ಗೊತ್ತು. ಉಪ್ಪಿನಕಾಯಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಂಡಿಲ್ಲ. ಮಿಡಿ ಕೊಯ್ಲು ಫೆಬ್ರವರಿ, ಮಾರ್ಚಿನಲ್ಲಿ. ಆಗ ಮಿಡಿಯನ್ನು ನೂರರ ಲೆಕ್ಕದಲ್ಲಿ ಕೊಳ್ಳಲು ಒಟ್ಟಿಗೇ ಹಣ ಬೇಕು, ಬಾಟಲಿ ಮಾರಿ ಹಣ ಬರುವುದು ತಿಂಗಳುಗಳ ಮೇಲೆ. ಅದಕ್ಕೆ ಸಂಕ್ರಾಂತಿ ಕಳೆದ ಮೇಲೆ, ಎರಡು ಸಲ ತರಿಸಿದವರ ಪಟ್ಟಿಗೆ ಮಾತ್ರ, ಹೀಗೊಂದು ಮೆಸೇಜು ಕಳಿಸಿ:

‘ನಮಸ್ಕಾರ. ಈ ವರ್ಷ ನಮ್ಮ ಹೊಳೆಬದಿಯ ಮರ ಹೂ ಬಿಟ್ಟಿದೆ. ಅರವತ್ತು ಬಾಟಲಿಗೆ ಆಗುವಷ್ಟು ಮಿಡಿ ಸಿಗಬಹುದು. ಮೊದಲು ನಿಮಗೆ ಹೇಳುತ್ತಿದ್ದೇನೆ. ಬೇಕಿದ್ದರೆ ಬಾಟಲಿಗೆ ಇನ್ನೂರು ಮುಂಗಡ ಕಳಿಸಿ, ಉಳಿದದ್ದು ಕಳಿಸುವಾಗ. ಮಿಡಿ ಉಪ್ಪಿನಲ್ಲಿ ಚಿರುಟಿ, ಹಿಟ್ಟು ಕೂಡಿ, ತಿನ್ನುವ ಹದಕ್ಕೆ ಬಂದ ಮೇಲೆಯೇ ಕಳಿಸುತ್ತೇನೆ, ಅವಸರ ಮಾಡಬೇಡಿ.’

ಬಂದ ಮುಂಗಡವೇ ಮಿಡಿ ಕೊಳ್ಳುವ ಬಂಡವಾಳ. ಅರವತ್ತು ಎಂದಮೇಲೆ ಅರವತ್ತೇ ಇರಲಿ, ತೊಂಬತ್ತು ಜನ ಕೇಳಿದರೆ ಮೂವತ್ತು ಜನರಿಗೆ ‘ಮುಂದಿನ ವರ್ಷ ನಿಮ್ಮ ಹೆಸರು ಮೊದಲು’ ಎಂದು ಬರೆಯಿರಿ, ಬೇರೆ ಕಡೆಯ ಮಿಡಿ ತಂದು ತುಂಬಿಸಬೇಡಿ. ಕೊಯ್ದ ದಿನ ಬುಟ್ಟಿಯ ಫೋಟೋ, ಉಪ್ಪಿಗೆ ಹಾಕಿದ ದಿನ ಭರಣಿಯ ಫೋಟೋ, ಹಣ ಕೊಟ್ಟವರಿಗೆ ಹೋಗಲಿ. ಅವರು ತಮ್ಮ ಸ್ಟೇಟಸ್ಸಿಗೆ ಹಾಕಿಕೊಳ್ಳುವುದು ಅದನ್ನೇ. ಮಾವಿನ ಮರದ ಮಾತು, ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ಕೈಕೊಡುತ್ತದೆ. ಆಲಿಕಲ್ಲು ಬಿದ್ದು ಮಿಡಿ ಉದುರಿತು ಅಂದರೆ ಅದೇ ದಿನ ಸಂಜೆಯೊಳಗೆ ಮುಂಗಡ ವಾಪಸು ಹಾಕಿ, ಉದುರಿದ ಮಿಡಿಯ ಫೋಟೋವನ್ನೂ ಕಳಿಸಿ. ಹಣ ವಾಪಸು ತೆಗೆದುಕೊಳ್ಳದೆ ‘ಹಪ್ಪಳಕ್ಕೆ ಇಟ್ಟುಕೊಳ್ಳಿ ಅಕ್ಕಾ’ ಎನ್ನುವವರು ಅವರಲ್ಲಿ ಕೆಲವರಾದರೂ ಇರುತ್ತಾರೆ. ಹಲಸು ಹೇಗೂ ಏಪ್ರಿಲ್ ಹೊತ್ತಿಗೆ ಹಪ್ಪಳಕ್ಕೆ ಬಂದಿರುತ್ತದೆ, ಮಳೆ ಹಿಡಿಯುವ ಮೊದಲು ಒಣಗಿಸಿಕೊಂಡರೆ ಆಯಿತು.